ಏಳನೇ ಮೊಳೆ

"ಫಟಾರ್!"

ಕೆನ್ನೆಗೆ ಬಿದ್ದ ಏಟಿಗೆ ಅವನ ಅಂಗೈಯಲ್ಲಿದ್ದ ಮೊಳೆಗಳೆಲ್ಲ ನೆಲದ ತುಂಬ ಚೆಲ್ಲಾಡಿದವು.

"ಅಳತೆ ತಗೊಳ್ಳೀಂದ್ರೆ ಚರಿತ್ರೆ ಕೇಳ್ತೀರಾ? ಯಾರು ತುಳಿದ್ರೆ ನಿಮಗೇನ್ರೀ?"

ಅವಳ ಬರಿಗಾಲು ಇನ್ನೂ ಅವನ ಮೊಣಕಾಲ ಮೇಲೇ ಇತ್ತು. ಕಿರುಬೆರಳೂ ಅದರ ಪಕ್ಕದ್ದೂ ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಪಾದದ ಮೇಲೆ ಅರ್ಧಚಂದ್ರದಂಥ ಕಲೆ. ಕಲೆಯ ಉದ್ದಕ್ಕೂ ಆರು ಚುಕ್ಕಿ, ಒಳಗಡೆ ಒಂಟಿಯಾಗಿ ಏಳನೆಯದೊಂದು.

ಅವನ ಮುಖ ಬಿಳಿಚಿಕೊಂಡಿತ್ತು. ಏಟು ತಿಂದ ಕೆನ್ನೆ ಮಾತ್ರ ಕೆಂಪಗಿತ್ತು.

"ತಪ್ಪಾಯ್ತು," ಎಂದ. "ಕಾಲು ಅಲುಗಿಸಬೇಡಿ. ಅಳತೆ ತಪ್ಪುತ್ತೆ."

ಇವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಮೊಳೆ ಮಾಸ್ತರ ಎಂದು. ಸದಾ ಬಾಯಿ ತುಂಬ ಮೊಳೆ ಇಟ್ಟುಕೊಂಡು ಶೂ ಹೊಲಿಯುವವನು. ಮಾತಾಡಿಸಿದರೆ ತಲೆಯಾಡಿಸುತ್ತಿದ್ದ, ಅಷ್ಟೇ. ಅಂಥವನು ಮೊಳೆಗಳನ್ನು ಬಾಯಿಂದ ತೆಗೆದು ಒಂದು ಹುಡುಗಿಯನ್ನು ಪ್ರಶ್ನೆ ಕೇಳಿದ್ದೇ ಅಪರೂಪ. ಪಾಪ, ಉತ್ತರವೂ ಅಷ್ಟೇ ಅಪರೂಪದ್ದು ಸಿಕ್ಕಿತು!

ಇನ್ನು ಅವಳು... ಎದುರಿನ ಹೆಂಗಸರ ಬಟ್ಟೆ ಅಂಗಡಿಯಲ್ಲಿ ಗಾಜಿನ ಕಿಟಕಿಯೊಳಗಿನ ಬೊಂಬೆಗಳನ್ನು ಸಿಂಗರಿಸುವವಳು. ಅವಳು ಹತ್ತಿಯ ಫ್ರಾಕು ಇಳಿಸಿ ರೇನ್‌ಕೋಟು ತೊಡಿಸಿದಳೆಂದರೆ ಮಳೆ ಹತ್ತಿರ ಬಂತೆಂದು ಬೀದಿಗೆ ತಿಳಿಯುತ್ತಿತ್ತು. ಅಂಗಡಿಯ ಯಜಮಾನಿ ಅವಳನ್ನು ಚಿಟ್ಟೆ ಎಂದೇ ಕರೆಯುತ್ತಿದ್ದಳು. ಬಟ್ಟೆಗೆ ಮನಸೋಲುವವಳು, ಒಳ್ಳೆಯ ಚಪ್ಪಲಿ ಕಂಡರೆ ಪ್ರಾಣವನ್ನೇ ಬಿಡುವವಳು. ಆದರೂ ಎರಡು ಬೇಸಿಗೆಯಿಂದ ಸುಡುಬಿಸಿಲಲ್ಲೂ ಬೆರಳು ಮುಚ್ಚುವ ಶೂ ಬಿಟ್ಟು ಬೇರೇನೂ ಮೆಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ತೆಳು ಪಟ್ಟಿಯ ಕೆಂಪು ಚಪ್ಪಲಿ ಹಾಕಿ ಹೊರಟಿದ್ದಳು. ಬಾಗಿಲಲ್ಲೇ ಅಣ್ಣ ಅಡ್ಡ ನಿಂತಿದ್ದ. ಗೋದಾಮಿನ ಕಾವಲುಗಾರರ ಮುಖ್ಯಸ್ಥ ಅವನು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೂ ತಾನೇ ಕಾವಲುಗಾರ ಎಂದುಕೊಂಡಿದ್ದ.

"ಯಾರಿಗೆ ತೋರಿಸೋಕೆ ಈ ಕಾಲು?"

ಕೇಳಿ, ಕಬ್ಬಿಣದ ಲಾಳ ಹೊಡೆದ ಬೂಟಿನ ಹಿಮ್ಮಡಿಯಿಂದ ತುಳಿದ. ಒಂದು ಸಲ ಅಲ್ಲ, ಮೂರು ಸಲ. ಆಸ್ಪತ್ರೆಯಲ್ಲಿ ಅವಳು ಮೆಟ್ಟಿಲಿಂದ ಬಿದ್ದೆ ಎಂದಳು.

ಈಗ ಚಳಿಗಾಲ ಬರುತ್ತಿತ್ತು. ದ್ರಾಕ್ಷಿ ಬಣ್ಣದ ಉಣ್ಣೆ ಕೋಟನ್ನು ಅವಳೇ ಹೊಲಿದಿದ್ದಳು. "ಈ ಸಲ ಬೊಂಬೆ ಬೇಡ ಚಿಟ್ಟೆ. ಮೊದಲ ದಿನ ಕಿಟಕೀಲಿ ನೀನೇ ನಿಂತ್ಕೋ," ಎಂದಿದ್ದಳು ಯಜಮಾನಿ. ಇಡೀ ಬೀದಿಯ ಎದುರು, ಕುಂಟದೆ ನಿಲ್ಲಬೇಕು. ಅದಕ್ಕೇ ಈ ಶೂ. ಅದಕ್ಕೇ ಈ ಮೊಳೆ ಮಾಸ್ತರ!

*

ಎರಡನೇ ಸಲ ಹೋದಾಗ ಅವನು ಮರದ ಅಚ್ಚು ಕೆತ್ತಿಟ್ಟಿದ್ದ. ಥೇಟ್ ಅವಳ ಪಾದ. ಸೊಟ್ಟ ಬೆರಳುಗಳೂ ಹಾಗೇ ಇದ್ದವು.

"ಇವನ್ನಾದ್ರೂ ನೆಟ್ಟಗೆ ಮಾಡಬಾರದಿತ್ತಾ?"

ಅವನು ಬಾಯಿಂದ ಮೊಳೆ ತೆಗೆದ. "ಮರ ನೆಟ್ಟಗೆ ಮಾಡಿದ್ರೆ ಶೂ ಚೆನ್ನಾಗಿ ಕಾಣುತ್ತೆ. ಆದ್ರೆ ನಿಮ್ಮ ಕಾಲು ಅಳುತ್ತೆ."

ಎರಡು ವರ್ಷದಲ್ಲಿ ಆ ಬೆರಳುಗಳ ಪರವಾಗಿ ಯಾರೂ ಮಾತಾಡಿರಲಿಲ್ಲ. ಅವಳು ಅಚ್ಚಿನ ಸೊಟ್ಟ ಬೆರಳನ್ನು ಸವರಿದಳು. 'ಅಯ್ಯೋ, ಇವನ ಕೆನ್ನೆಗೆ ಹೊಡೆದೆನಲ್ಲ...'

ಆಮೇಲೆ ಶೂ ನೆಪವಾಯಿತು. ಬೂದು ದಾರವೋ ಕಪ್ಪು ದಾರವೋ ಕೇಳಲು ಒಂದು ದಿನ. ಗುಂಡಿ ಮೂರೋ ನಾಲ್ಕೋ ಕೇಳಲು ಮತ್ತೊಂದು ದಿನ. ಅವಳು ಬಂದರೆ ಅವನ ಬಾಯಿಂದ ಮೊಳೆಗಳು ತಾವಾಗಿಯೇ ಡಬ್ಬಿ ಸೇರುತ್ತಿದ್ದವು. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಬೀದಿಗೆ ಮಾತ್ರ ಗೊತ್ತಾಗಿತ್ತು!

ಚಳಿಗಾಲದ ಕಿಟಕಿಗೆ ಒಂದೇ ದಿನ ಉಳಿದಿತ್ತು. ಅವಳು ನಗುತ್ತಾ ಒಳಗೆ ಕಾಲಿಟ್ಟಳು. ಅವನು ಬಗ್ಗಿ ಯಾರದೋ ಬೂಟಿಗೆ ಮೊಳೆ ಬಡಿಯುತ್ತಿದ್ದ. ಜೋಡಿಯ ಇನ್ನೊಂದು ಬೂಟು ಬೆಂಚಿನ ಮೇಲೆ ಅಂಗಾತ ಬಿದ್ದಿತ್ತು.

ಅದರ ಹಿಮ್ಮಡಿಯಲ್ಲಿ ಲಾಳ. ಲಾಳದಲ್ಲಿ ಆರು ಮೊಳೆ. ಒಳಗಡೆ ಒಂಟಿಯಾಗಿ ಏಳನೆಯದು.

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಅಣ್ಣನ ಬೂಟು!

"ಈ ಲಾಳ... ನೀವೇ ಹೊಡೆದಿದ್ದಾ?"

ತಲೆಯಾಡಿಸಿದ. ಹೌದು. ಒಳಗಿನ ಒಂಟಿ ಮೊಳೆ ಅವನ ಗುರುತು. ತನ್ನ ಕೆಲಸ ತನಗೆ ತಿಳಿಯಲೆಂದು ಪ್ರತಿ ಲಾಳಕ್ಕೂ ಹೊಡೆಯುತ್ತಿದ್ದ. ಆ ಬೀದಿಯಲ್ಲಿ ಇನ್ನೂ ಲಾಳ ಹೊಡೆಸಿಕೊಳ್ಳುತ್ತಿದ್ದವನು ಅವಳ ಅಣ್ಣ ಒಬ್ಬನೇ.

"ನನ್ನ ಕಾಲು ನೋಡಿದ ಮೊದಲ ದಿನವೇ ಗೊತ್ತಾಗಿತ್ತಾ?"

ಅವನ ಕಣ್ಣು ತುಂಬಿತು. ಮತ್ತೆ ತಲೆಯಾಡಿಸಿದ.

"ಗೊತ್ತಿದ್ದೂ ಅವನ ಬೂಟೇ ರಿಪೇರಿ ಮಾಡ್ತಾ ಕೂತಿದೀರಾ? ಇನ್ನೊಂದು ಕಾಲೂ ಮುರೀಲಿ ಅಂತಾನಾ? ಬಾಯಿಬಿಡ್ರೀ!"

ಹೇಗೆ ಬಿಡುತ್ತಾನೆ? ಬಾಯಿ ತುಂಬ ಮೊಳೆ! ಗಡಿಬಿಡಿಯಲ್ಲಿ ಉಗುಳಲು ಹೋದ. ಒಂದು ತುಟಿಗೆ ಚುಚ್ಚಿ ರಕ್ತ ಬಂತು. ಅಷ್ಟರಲ್ಲಿ ಅವಳು ಕೈಗೆ ಸಿಕ್ಕ ಸುತ್ತಿಗೆ, ದಬ್ಬಣ, ಅಂಟಿನ ಡಬ್ಬಿ ಎಲ್ಲವನ್ನೂ ಅವನತ್ತ ಎಸೆದಿದ್ದಳು. ಅವನ ಬಾಯಿ ಖಾಲಿಯಾಗುವಾಗ ಬಾಗಿಲೂ ಖಾಲಿಯಾಗಿತ್ತು.

*

ಮರುದಿನ ಬೆಳಿಗ್ಗೆ ಅವಳು ಕೋಟು ತೊಟ್ಟು, ಹಳೆಯ ಶೂ ಹಾಕಿ, ಊದಿದ ಕಣ್ಣಿಗೆ ಪೌಡರ್ ಬಳಿಯುತ್ತಿದ್ದಳು. ಮೊಳೆ ಮಾಸ್ತರ ಕಳಿಸಿದ್ದ ಬೂಟು ಮೆಟ್ಟಿ ಅಣ್ಣ ನಾಲ್ಕು ಹೆಜ್ಜೆ ಹಾಕಿದ.

ಸದ್ದಿಲ್ಲ.

ಬೂಟು ತಿರುಗಿಸಿ ನೋಡಿದ. ಲಾಳ ಮಾಯ! ಅದರ ಜಾಗದಲ್ಲಿ ಮೆತ್ತನೆಯ ರಬ್ಬರು. ಜೊತೆಗೊಂದು ಚೀಟಿ. ಓದುತ್ತಾ ಅವನ ಕಣ್ಣು ಕೆಂಡವಾಯಿತು.

"'ನಿನ್ನ ತಂಗಿಯ ಕಾಲು ನೋಡಿದೆ. ಲಾಳ ಕಿತ್ತಿದ್ದೇನೆ. ಇನ್ನು ಬೇರೆಯವನ ಹತ್ತಿರ ಹೊಡೆಸಿಕೊಂಡರೆ ಅದನ್ನೂ ಬಂದು ಕೀಳುತ್ತೇನೆ.' ಎಷ್ಟು ಕೊಬ್ಬು ನೋಡು! ಇವತ್ತು ಅವನ ಕೈ ಮುರೀದಿದ್ರೆ ಕೇಳು!"

ಅಣ್ಣ ಹೊರಗೆ ನುಗ್ಗಿದ. ಅವಳ ಜೀವ ಬಾಯಿಗೆ ಬಂತು. 'ನಿನ್ನೆ ಅವನು ಬಡಿಯುತ್ತಿದ್ದದ್ದು ರಬ್ಬರು... ಲಾಳ ಕೀಳುವುದಕ್ಕೇ ಬೂಟು ತರಿಸಿಕೊಂಡಿದ್ದ! ನಾನೇನು ಮಾಡಿಬಿಟ್ಟೆ!'

ಕುಂಟುತ್ತಲೇ ಓಡಿದಳು.

ಅವಳು ತಲುಪುವಷ್ಟರಲ್ಲಿ ಅಂಗಡಿಯ ಕಪಾಟು ಉರುಳಿತ್ತು. ಮರದ ಪಾದಗಳು ನೆಲದ ತುಂಬ ಚೆದುರಿದ್ದವು. ಮೊಳೆ ಮಾಸ್ತರನ ಹುಬ್ಬು ಒಡೆದು ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. ಅವನು ಸುಮ್ಮನೆ ಏಟು ತಿನ್ನುವವನಲ್ಲ. ಅಣ್ಣನ ಮೂಗಿನಿಂದಲೂ ರಕ್ತ ಸುರಿಯುತ್ತಿತ್ತು. ಆದರೆ ಅಣ್ಣ ಎರಡರಷ್ಟು ದಪ್ಪ. ಒಂದೇ ನೂಕಿಗೆ ಅವನನ್ನು ಕೆಡವಿ, ಮಣಿಕಟ್ಟನ್ನು ನೆಲಕ್ಕೊತ್ತಿ, ಬೂಟುಗಾಲು ಎತ್ತಿದ.

ಅದೇ ಬೂಟು. ಅದೇ ಎತ್ತರ. ಅವಳಿಗೆ ಗೊತ್ತಿದ್ದ ಎತ್ತರ.

ಅವಳ ಕಾಲ ಬುಡದಲ್ಲಿ ಸೊಟ್ಟ ಬೆರಳಿನ ಮರದ ಪಾದವೊಂದು ಬಿದ್ದಿತ್ತು. ಎತ್ತಿಕೊಂಡಳು. ಎರಡು ವರ್ಷದ ನೋವನ್ನೆಲ್ಲ ಕೈಗೆ ತಂದುಕೊಂಡು ಅಣ್ಣನ ಮೊಣಕಾಲಿಗೆ ಬೀಸಿದಳು.

ಲಟಕ್!

"ಅಯ್ಯಮ್ಮಾ!" ಅಣ್ಣ ಕುಸಿದ. "ನೀನು... ನನ್ನ ಮೇಲೇ ಕೈ ಎತ್ತಿದ್ಯಾ?"

"ಕೈ ಅಲ್ಲಣ್ಣ. ಕಾಲು!" ಅವಳು ಏದುಸಿರು ಬಿಡುತ್ತಾ ಅಚ್ಚನ್ನು ಅವನ ಮುಖಕ್ಕೆ ಹಿಡಿದಳು. "ನೀನೇ ಮುರಿದ ಕಾಲು. ಇನ್ನೊಂದು ಹೆಜ್ಜೆ ಇಟ್ರೆ ತಲೆಗೇ ಬೀಳುತ್ತೆ."

"ಇಡಲಿ ನೋಡೋಣ!" ಬಾಗಿಲಲ್ಲಿ ಯಜಮಾನಿ ನಿಂತಿದ್ದಳು, ಒಂದು ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ, ಇನ್ನೊಂದರಲ್ಲಿ ಫೋನು. "ಪೊಲೀಸ್‌ಗೆ ಹೇಳಿದೀನಿ. ಚಿಟ್ಟೆ, ಇವತ್ತಿಂದ ನಮ್ಮ ಮಹಡಿ ಮೇಲಿನ ರೂಮು ನಿಂದು."

ಪೊಲೀಸರು ಬಂದು ಕಾಲಿನ ಕಲೆಯನ್ನೂ ನೋಡಿ ಬರೆದುಕೊಂಡರು. ಈ ಸಲ ಅವಳು ಮೆಟ್ಟಿಲಿನ ಕಥೆ ಹೇಳಲಿಲ್ಲ. ಕುಂಟುತ್ತಾ ಜೀಪು ಹತ್ತಿದ್ದು ಅಣ್ಣ.

*

ಒಡೆದ ಅಂಗಡಿಯಲ್ಲಿ ಅವರಿಬ್ಬರೇ ಉಳಿದರು. ಅವಳು ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸಿದಳು.

"ಇದೇ ಕೆನ್ನೆಗೆ ನಾನೂ ಹೊಡೆದಿದ್ದೆ."

"ನಿಮ್ಮದೇ ಜೋರಾಗಿತ್ತು."

ಅಳುತ್ತಲೇ ನಕ್ಕಳು. "ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ಹೆದರಿಕೆ. ನನ್ನ ಗುರುತು ನಿಮ್ಮ ಕಾಲ ಮೇಲೆ... ಅದು ಗೊತ್ತಾದ್ರೆ ಇನ್ನು ಬರಲ್ಲ ಅಂದ್ಕೊಂಡೆ. ನೀವು ಬರದಿದ್ರೆ ನಂಗೆ ಆಗ್ತಿರಲಿಲ್ಲ." ಮುಖ ಒರೆಸುತ್ತಿದ್ದ ಅವಳ ಕೈ ಹಿಡಿದುಕೊಂಡ. "ಪ್ರೀತಿಸ್ತೀನಿ. ಆ ಏಳನೇ ಮೊಳೆ ಇನ್ಯಾವತ್ತೂ ಹೊಡೆಯಲ್ಲ."

ಮುರಿದ ಬೆಂಚಿನ ಕೆಳಗಿಂದ ಬಟ್ಟೆ ಸುತ್ತಿದ ಗಂಟು ತೆಗೆದ. ದ್ರಾಕ್ಷಿ ಬಣ್ಣದ ಶೂ. ಸಣ್ಣ ಹೊಲಿಗೆ, ನಾಲ್ಕು ಗುಂಡಿ, ಸೊಟ್ಟ ಬೆರಳಿನ ಜಾಗದಲ್ಲಿ ಮೃದುವಾದ ಉಣ್ಣೆ. ಮೊಣಕಾಲೂರಿ ತೊಡಿಸಿದ. ಅವಳು ಎದ್ದು ನಿಂತಳು. ಒಂದು ಹೆಜ್ಜೆ... ಎರಡು... ನೋವಿಲ್ಲ!

"ಹೋಗಿ," ಎಂದ. "ಕಿಟಕಿ ಕಾಯ್ತಿದೆ."

ಬಾಗಿಲವರೆಗೆ ಹೋಗಿ ತಿರುಗಿದಳು. "ಬೇಸಿಗೆಗೂ ಒಂದು ಜೊತೆ ಬೇಕು."

"ಇಂಥದ್ದೇನಾ? ಬೆರಳು ಮುಚ್ಚೋ ಹಾಗೆ?"

"ಬೇಡ ಕಣೋ," ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು. "ಕೆಂಪು ಚಪ್ಪಲಿ. ತೆಳು ಪಟ್ಟೀದು. ಬೆರಳೆಲ್ಲ ಕಾಣಬೇಕು."