ನಾಲಗೆಯ ಮಚ್ಚೆ

"ನಾಲಗೆ ತೋರಿಸಿ" ಎಂದರು ಮಿಸೆಸ್ ಚೌ.

ನೀಲಾಂಬಿಕಾ ತೋರಿಸಿದಳು. ಹನ್ನೊಂದು ವಾರದಿಂದ ಪ್ರತಿ ಶನಿವಾರ ಇದೇ ನಡೆದಿತ್ತು. ಕೆನಡಾದ ಮಿಸಿಸಾಗದ ಒಂದು ಪ್ಲಾಜಾದಲ್ಲಿ, ಬೇಕರಿಗೂ ಡ್ರೈಕ್ಲೀನಿಂಗ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಈ ಚೀನೀ ವೈದ್ಯದ ಕ್ಲಿನಿಕ್ಕಿಗೆ ಬರುವುದು, ಕೈ ಚಾಚುವುದು. ಅರವತ್ತು ದಾಟಿದ ಮಿಸೆಸ್ ಚೌ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿ ನಾಡಿ ನೋಡುವುದು, ಆಮೇಲೆ ನಾಲಗೆ. ಎಲ್ಲ ಮುಗಿದ ಮೇಲೆ ಬೇರು, ತೊಗಟೆಗಳ ಏಳು ಪೊಟ್ಟಣ, ದಿನಕ್ಕೊಂದರಂತೆ ಕುದಿಸಿ ಕುಡಿಯಲು. ಆ ಕಷಾಯದ ರುಚಿಯ ಬಗ್ಗೆ ಹೇಳದಿರುವುದೇ ವಾಸಿ.

ಇವತ್ತು ಮಾತ್ರ ಕೋಣೆಯಲ್ಲಿ ಗಂಡನೂ ಇದ್ದ.

ಮುರಿಗೆಪ್ಪ ಎಂದೂ ಒಳಗೆ ಬಂದವನಲ್ಲ. ಕಾರಿನಲ್ಲೇ ಕೂತು ಕಾಯುತ್ತಿದ್ದ. ಆದರೆ 2018ರ ಏಪ್ರಿಲ್ ನಡುವಿನ ಆ ಶನಿವಾರ, ಇನ್ನೇನು ಚಳಿಗಾಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮಂಜುಗಡ್ಡೆಯ ಮಳೆ ಶುರುವಾಗಿತ್ತು. ಪಾರ್ಕಿಂಗ್ ಲಾಟಿನಲ್ಲಿ ಕಾಲಿಟ್ಟರೆ ಜಾರುತ್ತಿತ್ತು. ಅವನು ಅವಳ ಮೊಣಕೈ ಹಿಡಿದು ಬಾಗಿಲ ತನಕ ಕರೆತಂದ. ಐದು ತಿಂಗಳಲ್ಲಿ ಅವನು ಅವಳನ್ನು ಮುಟ್ಟಿದ್ದು ಅಷ್ಟೇ. ಬಾಗಿಲು ಬಂದೊಡನೆ ಕೈಬಿಟ್ಟು ತಿರುಗಿ ಹೊರಟವನನ್ನು ಮಿಸೆಸ್ ಚೌ ಬಿಡಲಿಲ್ಲ. ಈ ಹವಾದಲ್ಲಿ ಕಾರಿನಲ್ಲಿ ಕೂರುವವರು ಯಾರು ಎಂದು ಗದರಿ ಒಳಗೆ ಕರೆದರು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮೂಲೆಯ ಕುರ್ಚಿಯಲ್ಲಿ ಮುದುಡಿ ಕೂತಿದ್ದ.

ನವೆಂಬರಿನಲ್ಲಿ, ಬಸುರಿನ ಎಂಟನೇ ತಿಂಗಳಲ್ಲಿ, ಅವರ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹೆಣ್ಣುಕೂಸು. ಜೀವವಿಲ್ಲದ ಕೂಸನ್ನೂ ಹೆರಲೇಬೇಕು. ಹನ್ನೊಂದು ತಾಸು ನೋವು ತಿಂದು ಹೆತ್ತಳು. ಅಂದಿನಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಅಳು ಮಾತ್ರ ಒಮ್ಮೆಯೂ ಬರಲಿಲ್ಲ. ಫ್ಯಾಮಿಲಿ ಡಾಕ್ಟರು ಕೊಟ್ಟ ಮಾತ್ರೆ ನುಂಗಿದಳು. ಕೌನ್ಸೆಲಿಂಗಿಗೆ ಎರಡು ಸಲ ಹೋದಳು, ಇಂಗ್ಲಿಷಿನಲ್ಲಿ ದುಃಖಪಡಲು ಬಾರದೆ ಬಿಟ್ಟಳು. ಈ ಕ್ಲಿನಿಕ್ಕನ್ನು ಹುಡುಕಿದವನು ಮುರಿಗೆಪ್ಪ. ಅವನ ಫ್ಯಾಕ್ಟರಿಯಲ್ಲಿ ಜೊತೆಗೆ ಕೆಲಸ ಮಾಡುವ ಚೀನೀ ಗೆಳೆಯ ವಿಳಾಸ ಕೊಟ್ಟಿದ್ದ.

ದಿನಾ ಮುಂಜಾನೆ ಶಿಫ್ಟಿಗೆ ಹೋಗುವ ಮುಂಚೆ ಮಣ್ಣಿನ ಗಡಿಗೆಯಲ್ಲಿ ಕಷಾಯ ಕುದಿಸುವವನೂ ಅವನೇ. ಅವರು ಬಾಡಿಗೆಗಿದ್ದ ಬೇಸ್‌ಮೆಂಟಿನ ಆ ವಾಸನೆಗೆ ಮೇಲಿನ ಮನೆಯ ಪಂಜಾಬಿ ಆಂಟಿ ಎರಡು ಸಲ ಕೆಳಗಿಳಿದು ಬಂದು, ಏನು ಸುಡುತ್ತಿದ್ದೀರಿ ಎಂದು ಕೇಳಿ ಹೋಗಿದ್ದಳು. ನೀಲಾಂಬಿಕಾ ಮರುಮಾತಾಡದೆ ಕುಡಿಯುತ್ತಿದ್ದಳು. ಯಾಕೆ ಈ ಉಪಚಾರ ಎಂಬುದು ತನಗೆ ಗೊತ್ತು ಎಂದೇ ಅವಳ ಎಣಿಕೆ. ಅತ್ತೆ ಚೆನ್ನಮ್ಮ ಫೋನಿನಲ್ಲಿ, "ಇನ್ನೊಂದ ಆದ್ರ ಎಲ್ಲಾ ಮರತ ಹೋಗತೈತಿ" ಎನ್ನುತ್ತಿದ್ದರು. ಮಗನಿಗೂ ಅದೇ ಬೇಕಾಗಿದೆ, ಬಿತ್ತುವ ಮುಂಚೆ ಹೊಲ ಹದ ಮಾಡಿದಂತೆ ತನ್ನನ್ನು ಹದ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು.

ಹೋದ ವಾರ ಹೇಳಿಯೇಬಿಟ್ಟಳು. "ನಾ ಧಾರವಾಡಕ್ಕ ಹೋಗ್ತೀನ್ರಿ. ಇಪ್ಪತ್ತೊಂದನೇ ತಾರೀಖ ಸಂಜೀ ಫ್ಲೈಟು."

"ವಾಪಸ್ ಯಾವಾಗ?"

"ವಾಪಸ್ ಟಿಕೆಟ್ ಮಾಡಿಲ್ಲ."

ಅವನು ಗಡಿಗೆಯ ಮುಚ್ಚಳ ಎತ್ತಿ ನೋಡಿದ, ಮತ್ತೆ ಮುಚ್ಚಿದ. "ಆತು" ಅಂದ.

ಅಷ್ಟೇ. ಹತ್ತು ವರ್ಷದ ಸಂಸಾರಕ್ಕೆ ಒಂದು "ಆತು". ಬೇಡ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಅವಳು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಂತಳು.

ಇದೇ ಮುರಿಗೆಪ್ಪ ಹಿಂದೆ ಎಷ್ಟು ಮಾತಾಡುತ್ತಿದ್ದ ಅಂತೀರಿ. ಧಾರವಾಡದಲ್ಲಿ ಹೆಣ್ಣು ನೋಡಲು ಬಂದ ದಿನ, ಹಿರಿಯರು ಇಬ್ಬರನ್ನೂ ಐದು ನಿಮಿಷ ಪಡಸಾಲೆಯಲ್ಲಿ ಬಿಟ್ಟು ಹೋಗಿದ್ದರು. ಅವಳು ನಗು ತಡೆಯಲಾರದೆ ನಾಲಗೆ ಕಚ್ಚಿಕೊಂಡಳು. ನಾಲಗೆಯ ತುದಿಯಲ್ಲಿದ್ದ ಕಪ್ಪು ಮಚ್ಚೆಯನ್ನು ಅವನು ಕಂಡುಬಿಟ್ಟ. ಆಮೇಲೆ ಅವಳ ಮುಖದಿಂದ ಕಣ್ಣು ಕೀಳಲೇ ಇಲ್ಲ.

"ನಾಲಗ್ಯಾಗ ಮಚ್ಚಿ ಇದ್ದವ್ರು ಅಂದದ್ದು ಖರೆ ಆಗತೈತಂತ. ಒಮ್ಮೆ ಹೂಂ ಅಂದಬಿಡ್ರಿ."

"ಯಾವದಕ್ಕ ಹೂಂ?"

"ನನಗ."

ಅವಳು ಸೆರಗಿನ ತುದಿ ಸುತ್ತುತ್ತ ತಲೆ ತಗ್ಗಿಸಿಕೊಂಡೇ ಹೂಂ ಅಂದಳು. ಅಂದಿನಿಂದ ಅದೊಂದು ಆಟವಾಯಿತು. ಇಂಟರ್‌ವ್ಯೂಗೆ ಹೊರಟವನು ಬಾಗಿಲ ಚೌಕಟ್ಟು ಹಿಡಿದು ನಿಂತು "ಒಂದ ಮಾತು ಹೇಳು" ಎನ್ನುವನು. "ಸಿಗತೈತಿ ಹೋಗ್ರಿ" ಎಂದು ಅವಳು ಹೇಳಬೇಕು. ನೌಕರಿ ಸಿಕ್ಕಿತು, ಕೆನಡಾದಲ್ಲಿ ಕಾಯಂ ನೆಲೆಸುವ ಪಿಆರ್ ಬಂತು, ಡ್ರೈವಿಂಗ್ ಟೆಸ್ಟು ಮೂರನೇ ಸಲಕ್ಕೆ ಪಾಸಾಯಿತು. ಎಲ್ಲದಕ್ಕೂ ಮಚ್ಚೆಯೇ ಕಾರಣ ಎಂದು ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದ. ಕೇಳಿ ಕೇಳಿ ಅವಳೂ ನಂಬಿದ್ದಳು.

ಈಗ ಮಿಸೆಸ್ ಚೌ ಅದೇ ಮಚ್ಚೆಯನ್ನು ಪುಟ್ಟ ಟಾರ್ಚು ಹಿಡಿದು ನೋಡುತ್ತಿದ್ದರು.

"ನಾಲಗೆ ಇನ್ನೂ ಬೋಳಾಗಿಯೇ ಇದೆ" ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಮೇಲೆ ತೆಳ್ಳಗೆ ಬಿಳಿ ಪದರ ಇರಬೇಕಿತ್ತು. ಇದು ಹಸಿ ಮಾಂಸದ ಹಾಗಿದೆ. ದೇಹ ಒಣಗಿಹೋಗಿದೆ ಎಂದುಕೊಂಡು ಹನ್ನೊಂದು ವಾರ ಅದಕ್ಕೇ ಔಷಧಿ ಕೊಟ್ಟೆ. ನಿಮಗೆ ಹೊಟ್ಟೆ ಉಬ್ಬರ ಬಂತು, ಊಟ ಇನ್ನೂ ಕಡಿಮೆಯಾಯಿತು. ರಕ್ತ ಕಟ್ಟಿರಬೇಕು ಎಂದು ಈ ಕಪ್ಪು ಚುಕ್ಕೆಗೂ ಕೊಟ್ಟೆ. ಅದೂ ಹಾಗೇ ಇದೆ. ಇದೆಲ್ಲ ನವೆಂಬರಿನಿಂದ ಅಂದಿರಲ್ಲವೇ?"

ನೀಲಾಂಬಿಕಾ ಹೌದೆಂದು ತಲೆಯಾಡಿಸಿದಳು.

"ನವೆಂಬರ್ ಅಲ್ಲ."

ಮೂಲೆಯಿಂದ ಬಂದ ದನಿಗೆ ಇಬ್ಬರೂ ತಿರುಗಿದರು. ಮುರಿಗೆಪ್ಪ ಟೋಪಿಯನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಜೋಡಿಸಿದ. "ಆ ಚುಕ್ಕೆ ಹುಟ್ಟಿದಾಗಿನಿಂದ ಇದೆ. ಮತ್ತೆ, ಅವಳು ದಿನಾ ನಾಲಗೆ ಹೆರೆಯುತ್ತಾಳೆ. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ, ಹಲ್ಲುಜ್ಜಿದ ಮೇಲೆ, ತಾಮ್ರದ ಪಟ್ಟಿಯಲ್ಲಿ. ನಾನು ಎರಡು ಸಲ ಎಳೆದು ಬಿಡುತ್ತೇನೆ. ಅವಳು ನಲವತ್ತು ಸಲ. ಆ ಚುಕ್ಕೆಯ ಮೇಲೆಯೇ, ರಕ್ತ ಬರುವ ತನಕ. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ."

ನೀಲಾಂಬಿಕಾಳ ಕಿವಿ ಬಿಸಿಯಾದವು. ಸದ್ದು ಕೇಳಬಾರದೆಂದೇ ಅವಳು ನಲ್ಲಿ ಜೋರಾಗಿ ಬಿಡುತ್ತಿದ್ದಳು. ಅವನು ಆ ಹೊತ್ತಿಗೆ ಗಡಿಗೆಯ ಮುಂದೆ ಇರುತ್ತಾನೆ ಎಂದೇ ತಿಳಿದಿದ್ದಳು. ನಾಚಿಕೆ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಮಿಸೆಸ್ ಚೌ ಟಾರ್ಚು ಆರಿಸಿ ಕೆಳಗಿಟ್ಟರು. "ತಪ್ಪು ನನ್ನದು. ಕಾಫಿ ಕುಡಿದು ಬಂದಿರಾ ಎಂದು ಕೇಳಿದೆ, ಬಣ್ಣದ ಪೆಪ್ಪರ್‌ಮಿಂಟ್ ತಿಂದಿರಾ ಎಂದು ಕೇಳಿದೆ. ಇದನ್ನು ಕೇಳಲಿಲ್ಲ. ನಾನು ನೋಡುವ ಮುಂಚೆಯೇ ಆ ಬಿಳಿ ಪದರವನ್ನು ನೀವು ಒರೆಸಿ ಹಾಕುತ್ತಿದ್ದಿರಿ." ಕಟ್ಟಿಟ್ಟಿದ್ದ ಏಳು ಪೊಟ್ಟಣಗಳನ್ನು ತಮ್ಮ ಕಡೆ ಎಳೆದುಕೊಂಡರು. "ಔಷಧಿ ಬಂದ್. ಹತ್ತು ದಿನ ನಾಲಗೆ ಹೆರೆಯಬೇಡಿ, ಬಾಯಿ ಮುಕ್ಕಳಿಸಿದರೆ ಸಾಕು. ಆ ಗಾಯವನ್ನು ನಿಮ್ಮ ಡಾಕ್ಟರಿಗೂ ತೋರಿಸಿ. ಇಪ್ಪತ್ತನಾಲ್ಕಕ್ಕೆ ಬನ್ನಿ, ಹೊಸದಾಗಿ ನೋಡುತ್ತೇನೆ."

ಆಮೇಲೆ ಮೂಲೆಯ ಕಡೆ ತಿರುಗಿ ಕೇಳಿದರು. "ನಿಮಗೇನು ಬೇಕು? ಇನ್ನೊಂದು ಮಗುವೇ?"

"ಇಲ್ಲ" ಅಂದ ಮುರಿಗೆಪ್ಪ. "ಅವಳು ಒಂದು ರೊಟ್ಟಿ ಪೂರ್ತಿ ತಿನ್ನಬೇಕು. ಅಷ್ಟು ಸಾಕು."

ನೀಲಾಂಬಿಕಾ ಅವನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಸರಿಯಾಗಿ ನೋಡಿದ್ದು ಆಗಲೇ. ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು. ಯಾವಾಗ ಬಂತೋ ಅವಳಿಗೆ ಗೊತ್ತಾಗಿರಲಿಲ್ಲ.

"ಹೋದದ್ದನ್ನು ನಾನು ತರಲಾರೆ" ಎಂದರು ಮಿಸೆಸ್ ಚೌ ಅವಳ ಕೈ ಹಿಡಿದು. "ದುಃಖ ಶ್ವಾಸಕೋಶದಲ್ಲಿ ಕೂರುತ್ತದೆ ಎನ್ನುತ್ತದೆ ನಮ್ಮ ವೈದ್ಯಶಾಸ್ತ್ರ. ನೀವು ಉಸಿರು ಹಿಡಿದುಕೊಂಡೇ ಬದುಕುತ್ತಿದ್ದೀರಿ. ಮೊದಲು ಅದನ್ನು ಬಿಡಿ. ಔಷಧಿ ಆಮೇಲೆ."

ಕಾರಿನ ಗಾಜಿನ ಮೇಲೆ ಮಂಜುಗಡ್ಡೆ ದಪ್ಪಗೆ ಕೂತಿತ್ತು. ಹಿಂದಿನ ಸೀಟಿನಿಂದ ಮಂಜು ಹೆರೆಯುವ ಸ್ಕ್ರೇಪರ್ ತೆಗೆದ ಮುರಿಗೆಪ್ಪ ಏನೋ ನೆನಪಾದವನಂತೆ ಅದನ್ನು ಅಲ್ಲೇ ಬಿಟ್ಟು ಒಳಗೆ ಬಂದು ಹೀಟರ್ ಹಾಕಿದ. ತಾನೇ ಕರಗಲಿ ಎಂದು ಕೂತ.

"ಇಪ್ಪತ್ತನಾಲ್ಕಕ್ಕ ನೀ ಇರೂದಿಲ್ಲ."

"ಇರೂದಿಲ್ಲ."

"ಆ ಮಚ್ಚಿ ಯಾಕ ಹೆರೀತಿ, ನೀಲಾ?"

"ಐದ ತಿಂಗಳ ಬಾಗಲ ಹೊರಗ ನಿಂತೀರಿ. ಒಮ್ಮೆನೂ ಕೇಳಲಿಲ್ಲ. ಈಗ್ಯಾಕ ಕೇಳ್ತೀರಿ?"

"ಕೇಳಿದ್ರ ನೀ ಹೇಳ್ತಿದ್ದಿ. ಅದ ಹೆದರಿಕಿ ಇತ್ತು."

ಅವಳು ಬೆಳ್ಳಗಾದ ಗಾಜನ್ನೇ ನೋಡುತ್ತ ಕೂತಳು. ಹೇಳಬಾರದು ಎಂದುಕೊಂಡದ್ದು ತಾನಾಗಿ ಬಂತು.

"ಆವತ್ತ ಸೊಂಟಾ ಭಾಳ ನೋಯತಿತ್ತು. ಎರಡ ರಾತ್ರಿ ನಿದ್ದಿ ಇರಲಿಲ್ಲ. ಸಾಕಾಗೇತಿ, ಒಮ್ಮೆ ಮುಗದ ಹೋಗಲಿ ಅಂದೆ. ಅಂದ ಮೂರ ದಿನಕ್ಕ ಕೂಸು ಆಡೂದ ನಿಂತತು. ಇದ ನಾಲಗೀಲೆ ಅಂದೀನ್ರಿ. ನಾ ಅಂದದ್ದು ಖರೆ ಆಗತೈತಿ ಅಂತ ನೀವ ಹೇಳತಿದ್ರಲ್ಲ."

ಮುರಿಗೆಪ್ಪನ ಕೈ ಸ್ಟೀರಿಂಗ್ ಮೇಲೆ ಹಾಗೇ ನಿಂತಿತು. ಹತ್ತು ವರ್ಷ ತಮಾಷೆಗೆಂದು ಆಡಿದ ಮಾತು ಈ ಹೆಂಗಸಿನ ಬಾಯಿಯಲ್ಲಿ ದಿನಾ ರಕ್ತ ತೆಗೆಯುತ್ತಿತ್ತು. ಅವನಿಗೆ ಅದು ಗೊತ್ತಾದದ್ದು ಆಗಲೇ.

"ನಾನೂ ಅಲ್ಲೇ ಇದ್ದೆ" ಅಂದ ಕಡೆಗೆ. "ನಿನ್ನ ಕಾಲ ಒತ್ತತಿದ್ದೆ. ಹೌದ ಬಿಡು, ಲಗೂನ ಮುಗದ್ರ ಇಬ್ರೂ ನಿದ್ದಿ ಮಾಡೂಣು ಅಂದಿದ್ದೆ."

"ನಿಮ್ಮ ನಾಲಗ್ಯಾಗ ಮಚ್ಚಿಲ್ಲ."

"ಹೆರಿಗಿ ಆದ ಮ್ಯಾಲೆ ಏನಂದಿ, ನೆನಪೈತೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆ ಹೊತ್ತಿನದು ಅವಳಿಗೆ ಏನೂ ನೆನಪಿರಲಿಲ್ಲ.

"ಕೂಸಿನ ನಿನ್ನ ಎದಿಮ್ಯಾಲೆ ಇಟ್ರು. ಅಳು ನನ್ನವ್ವ, ಒಮ್ಮೆ ಅಳು ಅಂದಿ. ಎಷ್ಟ ಸರ್ತಿ ಅಂದಿ ಗೊತ್ತಿಲ್ಲ. ನರ್ಸು ಬಂದು ಎತಗೊಂಡ ಹೋಗೂತನಕಾ ಅಂದಿ. ಅದೂ ಇದ ನಾಲಗಿ, ನೀಲಾ. ಇದ ಮಚ್ಚಿ." ಅವನು ಅವಳ ಕಡೆ ತಿರುಗಿದ. "ಅದ್ಯಾಕ ಖರೆ ಆಗಲಿಲ್ಲ?"

ನೀಲಾಂಬಿಕಾ ಅತ್ತಳು. ಮೊದಲು ಉಸಿರು ಸಿಕ್ಕಿಕೊಂಡಂತಾಗಿ ಬಾಯಿ ತೆರೆದಳು, ದನಿ ಬರಲಿಲ್ಲ. ಬಂದಾಗ ನಿಲ್ಲಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯಿಂದ ಬಟ್ಟೆ ಹಿಡಿದು ಹೊರಬಂದ ಯಾರೋ ಕಾರಿನ ಕಡೆ ನೋಡಿ ಬೇಗ ಬೇಗ ದಾಟಿ ಹೋದರು. ಮುರಿಗೆಪ್ಪ ಅವಳ ತಲೆಯನ್ನು ತನ್ನ ಜಾಕೆಟ್ಟಿಗೆ ಒತ್ತಿ ಹಿಡಿದುಕೊಂಡಿದ್ದ. ಅವನೂ ಅಳುತ್ತಿದ್ದ.

"ಮತ್ತ ಅವತ್ತ ಆತು ಅಂತ ಯಾಕ ಅಂದ್ರಿ?" ಎಂದಳು, ಮಾತಾಡಲು ಆದಾಗ.

"ಇಲ್ಲೇ ಇದ್ರ ನೀ ಉಳ್ಯೂದಿಲ್ಲ ಅನಸ್ತು. ಅಲ್ಲೆ ನಿಮ್ಮವ್ವ ಇದ್ದಾಳ, ಎರಡ ತುತ್ತರೆ ತಿಂತಿ ಅಂದಕೊಂಡೆ. ನೀ ಬ್ಯಾಡ ಅಂತಲ್ಲ." ಅವನು ಅವಳ ಕೂದಲಲ್ಲಿ ಮುಖ ಇಟ್ಟ. "ಹೋಗಬ್ಯಾಡ, ನೀಲಾ. ನನಗ ನೀ ಬೇಕು."

ಅವಳು ಹೂಂ ಅನ್ನಲಿಲ್ಲ. ಒಂದು ಅಳುವಿಗೆ ಐದು ತಿಂಗಳು ತೊಳೆದುಹೋಗುವುದಿಲ್ಲ. ಮರುದಿನ ಮುಂಜಾನೆ ಎದ್ದಾಗ ಎದೆಯ ಭಾರ ಅಷ್ಟೇ ಇತ್ತು. ತಾಮ್ರದ ಪಟ್ಟಿ ತನ್ನ ಜಾಗದಲ್ಲೇ ಇತ್ತು, ಅವನು ಅದನ್ನು ಬಚ್ಚಿಟ್ಟಿರಲಿಲ್ಲ. ಎರಡು ಸಲ ಕೈ ಅದರ ಮೇಲೆ ಹೋಯಿತು. ಬಾಯಿ ಮುಕ್ಕಳಿಸಿ ಹೊರಗೆ ಬಂದಳು. ಮೂರನೇ ದಿನ ಅರ್ಧ ರೊಟ್ಟಿ ತಿಂದಳು. ನಾಲ್ಕನೇ ದಿನ ಮತ್ತೆ ಏನೂ ಸೇರಲಿಲ್ಲ, ಮಲಗಿಯೇ ಇದ್ದಳು. ಐದನೇ ದಿನ ಸೂಟ್‌ಕೇಸ್ ಇಳಿಸಿ ಸೀರೆ ಜೋಡಿಸಿದಳು. ಅವನು ನೋಡಿದ. ಜಿಪ್ಪು ಹಾಕಲು ಬಾರದಾಗ ಬಂದು ಮುಚ್ಚಳ ಒತ್ತಿ ಹಿಡಿದ.

ಇಪ್ಪತ್ತೊಂದರ ಮುಂಜಾನೆ ಸೂಟ್‌ಕೇಸ್ ಬಾಗಿಲ ಬಳಿ ನಿಂತಿತ್ತು. ಸ್ನಾನದ ಮನೆಯ ಬಾಗಿಲು ತೆರೆದೇ ಇತ್ತು, ನಲ್ಲಿಯ ಸದ್ದಿರಲಿಲ್ಲ.

"ರೀ, ಸ್ವಲ್ಪ ಬರ್ರಿಲ್ಲೆ."

ಅವನು ಬಂದ. ಅವಳು ಕನ್ನಡಿ ಬಿಟ್ಟು ಅವನ ಕಡೆ ತಿರುಗಿ ನಾಲಗೆ ಚಾಚಿದಳು. ಮುರಿಗೆಪ್ಪ ಅವಳ ಗದ್ದ ಹಿಡಿದು ದೀಪದ ಕಡೆ ತಿರುಗಿಸಿ, ಮಿಸೆಸ್ ಚೌ ಅವರಂತೆ ಹುಬ್ಬು ಗಂಟಿಕ್ಕಿ ನೋಡಿದ.

"ಬೆಳ್ಳಗ ಬಂದೈತಿ, ತೆಳ್ಳಗ. ಗಾಯ ಆರೇತಿ."

"ಮಚ್ಚಿ?"

"ಐತಿ. ಮೊದಲ ದಿನ ನೋಡಿದಾಗ ಹೆಂಗಿತ್ತೋ ಹಂಗ ಐತಿ."

ಅವಳು ಬಾಯಿ ಮುಚ್ಚಿಕೊಂಡಳು. ಅವನು ಗದ್ದ ಬಿಡಲಿಲ್ಲ. ಇನ್ನೊಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ, ಹಿಂದೆ ಇಂಟರ್‌ವ್ಯೂಗೆ ಹೊರಡುವಾಗ ಹಿಡಿಯುತ್ತಿದ್ದಂತೆ.

"ಒಂದ ಮಾತು ಹೇಳು" ಅಂದ.

"ಹೆದರಿಕಿ ಆಗತೈತ್ರಿ."

"ನನಗೂ."

ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ನೀಲಾಂಬಿಕಾ ಅವನ ಗಡ್ಡದ ಬಿಳಿ ಕೂದಲನ್ನು ನೋಡಿದಳು, ಬಾಗಿಲ ಬಳಿಯ ಸೂಟ್‌ಕೇಸನ್ನು ನೋಡಿದಳು. ಒಮ್ಮೆ ಉಸಿರು ಪೂರ್ತಿ ಬಿಟ್ಟಳು.

"ಸಂಜೀಕ ನಾ ಮನ್ಯಾಗ ಇರ್ತೀನಿ" ಎಂದಳು.

"ಆತು" ಅಂದ ಮುರಿಗೆಪ್ಪ. ಬಾಗಿಲ ಬಳಿಯ ಸೂಟ್‌ಕೇಸನ್ನು ಎತ್ತಿ ಒಳಗೆ ತಂದಿಟ್ಟ.