ಎರಡನೆಯ ತಟ್ಟೆ

ಭಾನುವಾರ ಮಧ್ಯಾಹ್ನ ಬೊಯೆಡೊ ಬಡಾವಣೆಯ ಆ ಹೋಟೆಲಿನಲ್ಲಿ ಮಾತಾಡಬೇಕೆಂದರೆ ಕೂಗಬೇಕು. ಮಕ್ಕಳು ಮೇಜುಗಳ ಕೆಳಗೆ ನುಸುಳುತ್ತಿರುತ್ತವೆ. ಅಜ್ಜಿಯಂದಿರು ವೈನಿಗೆ ಸೋಡಾ ಬೆರೆಸುತ್ತ ಸೊಸೆಯರನ್ನು ವಿಚಾರಿಸಿಕೊಳ್ಳುತ್ತಿರುತ್ತಾರೆ. ಗೋಡೆಯುದ್ದಕ್ಕೂ ಕಟ್ಟಿದ ಕಂಬಿಯ ಒಲೆಯ ಮೇಲೆ ಪಕ್ಕೆಲುಬುಗಳು ಚಟಪಟ ಎನ್ನುತ್ತಿರುತ್ತವೆ. ಅಷ್ಟು ಗದ್ದಲದಲ್ಲಿ ನೊಯೆಲಿಯಾ ಮೆಲ್ಲಗೆ, ಇಬ್ಬರಿಗೆ ಮೇಜು ಬೇಕು ಅಂದಳು.

ಮಾಣಿ ಅಲ್ಸೀಡೆಸ್‌ಗೆ ಅಷ್ಟೇ ಸಾಕಾಯಿತು. ಮುದುಕನ ಕಣ್ಣು ತುಂಬಿಬಂತು.

ಅವನದೇನೂ ತಪ್ಪಿಲ್ಲ. ಗಂಡ ಡಾಮಿಯಾನ್ ಬದುಕಿದ್ದಾಗ ಅವಳು ಅವನ ಜೊತೆ ಊಟಕ್ಕೆ ಬರುತ್ತಿದ್ದದ್ದು ಇಲ್ಲಿಗೇ. ಅವನು ತೀರಿಕೊಂಡ ಮೇಲೆ ಒಬ್ಬಳೇ ಬಂದು, ಒಲೆಯ ಎದುರಿನ ಎತ್ತರದ ಸ್ಟೂಲಿನ ಮೇಲೆ ಕೂತು, ತಿಂದು, ಎದ್ದು ಹೋಗುತ್ತಿದ್ದಳು. ಅಲ್ಲಿ ಯಾರ ಮುಖವನ್ನೂ ನೋಡಬೇಕಿರಲಿಲ್ಲ, ಬೆಂಕಿ ನೋಡಿದರಾಯಿತು. ಬೆಂಕಿಯ ಆಚೆಗೂ ಒಂದು ಮುಖವಿದೆ ಎಂದು ತಿಳಿಯಲು ಬಹಳ ದಿನ ಹಿಡಿಯಿತು.

ಅದು ಲೌತಾರೊನ ಮುಖ. ಕೆಂಡ ಕೆದಕುವಾಗ ಗಂಟಿಕ್ಕಿರುತ್ತಿದ್ದ ಅವನ ಹುಬ್ಬು, ಅವಳು ಬಂದು ಕೂತರೆ ಸಡಿಲವಾಗುತ್ತಿತ್ತು. ಅಂಚಿನ ಗರಿಗರಿ ತುಂಡೊಂದನ್ನು ಕೊಯ್ದು, ಉಪ್ಪುದುರಿಸಿ, ಚಾಕುವಿನ ತುದಿಯಲ್ಲೇ ಅವಳತ್ತ ಚಾಚುತ್ತಿದ್ದ. ಹೇಗಿದೆ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಅವಳು ಬೇಕೆಂದೇ ನಿಧಾನವಾಗಿ ಅಗಿದು, ಅವನನ್ನು ಕಾಯಿಸಿ, ಆಮೇಲೆ ತಲೆಯಾಡಿಸುತ್ತಿದ್ದಳು. ಅದರಾಚೆಗೆ ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಇಡುವವನೂ ಅಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅದಕ್ಕೇ ಇವತ್ತು ಎರಡು ತಟ್ಟೆ. ಒಲೆ ಕಾಯುವವನು ಎಲ್ಲರಿಗೂ ಕೊಟ್ಟು, ಉಳಿದದ್ದನ್ನು ನಿಂತುಕೊಂಡೇ ತಿನ್ನುತ್ತಾನೆ. ಮನೆಯಲ್ಲೂ ಹಾಗೇ, ಹೋಟೆಲಿನಲ್ಲೂ ಹಾಗೇ. ಅವನನ್ನು ಎದುರಿಗೆ ಕೂರಿಸಿಕೊಂಡು ಉಣ್ಣಬೇಕು, ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು ಎಂದು ಗಟ್ಟಿಮಾಡಿಕೊಂಡು ಬಂದಿದ್ದಳು.

ಆದರೆ ಅವಳ ದುಃಖದ ಮೇಲೆ ಅವಳಿಗಿಂತ ಇಡೀ ಹೋಟೆಲಿಗೇ ಹೆಚ್ಚು ಅಕ್ಕರೆ. ಅಲ್ಸೀಡೆಸ್ ಖಾಲಿ ಕುರ್ಚಿಯ ಮುಂದೆ ಲೋಟವಿಟ್ಟು ವೈನ್ ಸುರಿದ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಅವಳು ವಿವರಿಸಲು ಬಾಯಿ ತೆರೆದರೆ ಭುಜ ತಟ್ಟಿ, "ಏನೂ ಹೇಳ್ಬೇಡ ಮಗಳೇ, ಎಲ್ಲಾ ಅರ್ಥವಾಗುತ್ತೆ" ಅಂದ. ಪಕ್ಕದ ಮೇಜಿನವರು ದನಿ ತಗ್ಗಿಸಿದರು. ಒಲೆಯ ಹತ್ತಿರದಿಂದ ಲೌತಾರೊ ಆ ಕುರ್ಚಿಯನ್ನೇ ನೋಡಿ, ತಲೆಯ ಮೇಲಿನ ಟೋಪಿ ತೆಗೆದ.

ನೊಯೆಲಿಯಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎರಡನೆಯ ತಟ್ಟೆಗೆ ಬಂದ ಮಾಂಸ ಕರ್ರಗೆ ಬೆಂದಿತ್ತು. ಡಾಮಿಯಾನ್‌ಗೆ ಹಾಗೇ ಇಷ್ಟ. ಒಳ್ಳೆಯ ಮಾಂಸವನ್ನು ಹೀಗೆ ಹಾಳುಮಾಡುವುದಕ್ಕೆ ಆಗ ಲೌತಾರೊ ಪ್ರತಿ ವಾರವೂ ಗೊಣಗುತ್ತಿದ್ದ. ಇವತ್ತು ಗೊಣಗದೆ ಬೇಯಿಸಿ ಕಳಿಸಿದ್ದ.

ಊಟ ಮುಗಿಯುವ ಹೊತ್ತಿಗೆ ಒಲೆಯವನಿಗೊಂದು ಚಪ್ಪಾಳೆ ಎಂದು ಯಾರೋ ಕೂಗಿದರು. ಎಲ್ಲರೂ ತಟ್ಟಿದರು. ಲೌತಾರೊ ಬಾಗಿ ನಮಸ್ಕರಿಸಿದ. ಅವಳ ಕಡೆ ಮಾತ್ರ ನೋಡಲಿಲ್ಲ. ಈಗ ಎದ್ದು ಮನೆಗೆ ಹೋದರೆ ಮುಂದಿನ ಭಾನುವಾರದಿಂದ ಈ ಕುರ್ಚಿ ಸತ್ತವನ ಹೆಸರಿಗೇ ನಿಂತುಬಿಡುತ್ತದೆ ಅನ್ನಿಸಿತು. ಅವಳು ಎದ್ದಳು. ಒಲೆಯ ಹತ್ತಿರ ಹೋದಳು.

"ಆ ತಟ್ಟೆ ಡಾಮಿಯಾನ್‌ದಲ್ಲ."

ಅವನು ಇಕ್ಕಳ ಕೆಳಗಿಟ್ಟ. "ಮತ್ತೆ? ಯಾರಾದ್ರೂ ಬರ್ಬೇಕಿತ್ತಾ?"

"ಹ್ಞೂಂ. ಬೆಳಗ್ಗೆಯಿಂದ ಇಲ್ಲೇ ನಿಂತಿದಾನೆ."

ಕೆಂಡದ ಕಾವಿಗೆ ಕೆಂಪಾಗಿದ್ದ ಮುಖದಲ್ಲಿ ಇನ್ನೂ ಕೆಂಪಾಗಲು ಜಾಗವಿತ್ತು. ತಾನು ನಿಂತೇ ತಿನ್ನುವವನು ಅಂತ ಏನೋ ತೊದಲಿದ. ಅದು ಗೊತ್ತಿರುವುದರಿಂದಲೇ ಕರೆಯಲು ಬಂದದ್ದು ಅಂದಳು ಅವಳು.

"ಆದ್ರೆ ಡಾಮಿಯಾನ್..."

"ಡಾಮಿಯಾನ್ ದಿನಾ ನೆನಪಾಗ್ತಾನೆ. ನೀನೂ ದಿನಾ ನೆನಪಾಗ್ತೀಯ. ಎರಡೂ ನಿಜ, ಲೌತಾರೊ. ನಾನೇನ್ ಮಾಡ್ಲಿ?"

ಹಿಂದಿನಿಂದ ಅಲ್ಸೀಡೆಸ್ ಬಂದು ಇಕ್ಕಳ ಎತ್ತಿಕೊಂಡ.

"ಹೋಗಯ್ಯಾ, ಒಲೆ ನಾನ್ ನೋಡ್ಕೋತೀನಿ. ಸುಟ್ರೆ ಸುಡ್ಲಿ. ಥೂ, ನಿನ್ನ ಕುರ್ಚಿಗೆ ನಾನು ಪ್ರಾರ್ಥನೆ ಬೇರೆ ಮಾಡ್ದೆ."

ಲೌತಾರೊ ಕೈ ತೊಳೆದು ಬಂದ. ಅಭ್ಯಾಸದಂತೆ ಒಲೆ ಕಾಣುವ ಹಾಗೆ ಕುರ್ಚಿ ಎಳೆದ, ಆಮೇಲೆ ಅದನ್ನೇ ತಿರುಗಿಸಿ ಒಲೆಗೆ ಬೆನ್ನು ಹಾಕಿ ಕೂತ. ತಣ್ಣಗಾದ ಆ ಕಪ್ಪು ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದ.

"ಬೂಟಿನ ಅಟ್ಟೆ ಇದ್ದಂಗಿದೆ."

"ಮಾಡಿದ್ದು ನೀನೇ ತಾನೇ."

ಅವಳು ತನ್ನ ತಟ್ಟೆಯಲ್ಲಿ ಉಳಿದಿದ್ದ ಮೆತ್ತನೆಯ ತುಂಡನ್ನು ಅವನ ತಟ್ಟೆಗೆ ಸರಿಸಿದಳು. ಅವನು ಅದನ್ನೂ ತಿಂದ. ತಿಂದಾದ ಮೇಲೆ, ಇಕ್ಕಳವಿಲ್ಲದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮೇಜಿನ ಮೇಲಿಟ್ಟ. ನೊಯೆಲಿಯಾ ಅದರ ಮೇಲೆ ತನ್ನ ಕೈ ಇಟ್ಟಳು. ಸುಡುವಷ್ಟು ಬಿಸಿಯಿತ್ತು. ಅವಳು ತೆಗೆಯಲಿಲ್ಲ.