ಗಡಿಕಲ್ಲಿನ ಕೆಳಗಿನ ಇದ್ದಿಲು

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಪುರಸಭೆಯ ಯೋಜನಾಧಿಕಾರಿ ಠಾಣೆಗೆ ಬಂದು ದೂರು ಕೊಟ್ಟರು. ಸರೋವರದ ನೀರಿನಂಚಿನಿಂದ ನೂರು ಅಡಿಯೊಳಗೆ ಮನೆ, ಈಜುಕೊಳ ಏನೂ ಕಟ್ಟುವಂತಿಲ್ಲ. ಉದ್ಯಾನ, ಕಾಲುದಾರಿ ಮಾತ್ರ ಇರಬಹುದು. ಆ ಗೆರೆ ತೋರಿಸುವ ಎರಡು ಗಡಿಕಲ್ಲುಗಳನ್ನು ಯಾರೋ ಕಿತ್ತು ನೀರಿನ ಕಡೆಗೆ ಸರಿಸಿ ನೆಟ್ಟಿದ್ದರು.

“ಸೋಮವಾರ ರೆಸಾರ್ಟಿನ ಈಜುಕೊಳ, ಪಕ್ಕದ ಟೈಲರಮ್ಮನ ಮನೆ ಎರಡನ್ನೂ ಕೆಡವಬೇಕು ಮೇಡಂ. ಈಗ ಕಲ್ಲು ನೋಡಿದ್ರೆ ಎರಡೂ ಗೆರೆಯಿಂದ ಆಚೆ, ಕೆಡವೋ ಹಾಗೇ ಇಲ್ಲ!”

ಎಫ್‌ಐಆರ್ ದಾಖಲಾಯಿತು. ದೂರು ತಂದವರನ್ನೇ ಮೊದಲು ಅನುಮಾನಿಸುವುದು ಇನ್ಸ್‌ಪೆಕ್ಟರ್ ಮೇಡಂ ಅವರ ಹಳೆಯ ಚಾಳಿ. ಹೆಡ್ ಕಾನ್ಸ್‌ಟೇಬಲ್ ಗೊಣಗಣ್ಣನಿಗೆ ಅಷ್ಟು ತಾಳ್ಮೆ ಇರಲಿಲ್ಲ.

“ತಲೆ ಕೆಡಿಸ್ಕೊಳ್ಳೋದೇನಿದೆ? ರೆಸಾರ್ಟ್ ಸಾಹುಕಾರನ್ನ ಎಳ್ಕೊಂಡು ಬಂದ್ರಾಯ್ತು.”

ಮೇಡಂ ರೆಸಾರ್ಟಿಗೇ ಹೋಗಿ ಕೇಳಿದಾಗ ಸಾಹುಕಾರ ನಕ್ಕ. “ನಾನ್ಯಾಕೆ ಕಲ್ಲು ಸರಿಸ್ಲಿ ಮೇಡಂ? ನಮ್ಮ ವಕೀಲರು ಗೆರೇನೇ ಸರಿಸ್ತಾರೆ.”

ಆ ನಗು ಮೇಡಂಗೆ ಹಿಡಿಸಲಿಲ್ಲ. ಆದರೆ ಮಾತಿನಲ್ಲಿ ಹುರುಳಿತ್ತು. ಅಲ್ಲಿಂದ ಟೈಲರಮ್ಮನ ಮನೆಗೆ ಹೋದರು. ಆಕೆ ಹೊಲಿಗೆ ಯಂತ್ರ ನಿಲ್ಲಿಸಲೇ ಇಲ್ಲ.

“ನಿಮ್ಮವರು ಅಂತ ಯಾರಿದ್ದಾರೆ?”

“ಯಾರೂ ಇಲ್ಲ.”

ಉತ್ತರ ತೀರಾ ಬೇಗ ಬಂತು. ಮೇಡಂ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಮಧ್ಯಾಹ್ನ ಪಂಚರ ಸಮಕ್ಷಮ ಕಲ್ಲುಗಳನ್ನು ಅಗೆಸಿ ಪಂಚನಾಮೆ ಮಾಡಿದರು. ಎರಡರ ಬುಡದಲ್ಲೂ ಹೊಸ ಇದ್ದಿಲು ಸಿಕ್ಕಿತು.

“ಇದೇನು, ಇಲ್ಲಿ ಒಲೆ ಹಚ್ಚಿದ್ರಾ?” ಎಂದ ಗೊಣಗಣ್ಣ.

ಜೊತೆಗೆ ಬಂದಿದ್ದ ಯೋಜನಾಧಿಕಾರಿಯ ಮುಖ ಬಿಳಿಚಿಕೊಂಡಿತು. “ಸರ್ವೆಯವರ ಹಳೇ ಪದ್ಧತಿ. ಇದ್ದಿಲು ಕೊಳೆಯಲ್ಲ. ಕಲ್ಲು ಬಿದ್ದುಹೋದ್ರೂ ಜಾಗ ಗೊತ್ತಾಗ್ಲಿ ಅಂತ ಹಾಕೋರು. ಈಗ ಯಾರೂ ಹಾಕಲ್ಲ. ಹೋದ ವರ್ಷ ನಿವೃತ್ತರಾದ ನಮ್ಮ ಸರ್ವೆಯರ್ ಮಾತ್ರ ಬಿಟ್ಟಿರಲಿಲ್ಲ. ಈ ಕಲ್ಲು ನೆಟ್ಟಿದ್ದೂ ಅವರೇ.”

“ಅವರಿಗೂ ಈ ದಡಕ್ಕೂ ಏನು ಸಂಬಂಧ?”

“ಟೈಲರಮ್ಮ ಅವರ ಒಡಹುಟ್ಟಿದ ತಂಗಿ.”

“ಬೆಳಿಗ್ಗೆನೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?”

“ತಂಗಿ ಮನೆ ಹೋಗುತ್ತೆ ಅಂತ ಗೊತ್ತಿದ್ದೂ ಗೆರೆ ಎಳೆದ ಮನುಷ್ಯ ಮೇಡಂ. ಅಂಥವರನ್ನ ಹೇಗೆ ಅನುಮಾನಿಸೋದು?”

ಸಂಜೆ ಸರ್ವೆಯರ್ ಮನೆ ಬಾಗಿಲು ತಟ್ಟಿದಾಗ ಹಿರಿಯರೇ ತೆರೆದರು. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು.

“ಕೈಗೇನಾಯ್ತು?”

“ತೋಟದಲ್ಲಿ ಹಾರೆ ಹಿಡಿದೆ.”

ಮನೆಗೆ ತೋಟವೇ ಇರಲಿಲ್ಲ. ಮೇಡಂ ಇದ್ದಿಲಿನ ಚೂರೊಂದನ್ನು ಮೇಜಿನ ಮೇಲಿಟ್ಟರು.

“ಕದ್ದುಮುಚ್ಚಿ ಕಲ್ಲು ಸರಿಸೋರು ಯಾರಾದ್ರೂ ಇದನ್ನ ಹಾಕ್ತಾರಾ?”

ಅವರು ಆ ಚೂರನ್ನು ಬೆರಳಲ್ಲಿ ಎತ್ತಿಕೊಂಡರು. “ಹಾಕದೆ ನೆಡೋಕೆ ಕೈ ಬರಲಿಲ್ಲಮ್ಮ” ಎಂದರು.

ಆರೂ ಮುಕ್ಕಾಲಿಗೆ ಬಂಧನವಾಯಿತು. ತಮ್ಮ ಹೇಳಿಕೆಯಲ್ಲಿ ಅವರು ಕಾನೂನನ್ನು ದೂರಲಿಲ್ಲ. ಗೆರೆ ಸರಿಯಾಗಿಯೇ ಇತ್ತು, ತಾವೇ ಅಳೆದದ್ದು. ಆ ದಿನದಿಂದ ತಂಗಿ ಮಾತು ಬಿಟ್ಟಿದ್ದಳು. ಮನೆ ಉಳಿದರೆ ಮತ್ತೆ ಮಾತಾಡಿಸಿಯಾಳು ಎಂಬ ಆಸೆಯಿಂದ, ಕೈಗಾಡಿ ತಳ್ಳಿಕೊಂಡು ಒಬ್ಬರೇ ಹೋಗಿದ್ದರು. ರೆಸಾರ್ಟಿನ ಕೊಳವೂ ಉಳಿಯುತ್ತದೆಂಬುದು ಅವರ ತಲೆಗೇ ಹೊಳೆದಿರಲಿಲ್ಲ.

ಬಂಧನದ ವಿಷಯ ರಕ್ತಸಂಬಂಧಿಗೆ ತಿಳಿಸಬೇಕು. ಮೇಡಂ ಟೈಲರಮ್ಮನನ್ನು ಕರೆಸಿದರು.

“ಮನೆ ಮಾತ್ರ ಸೋಮವಾರ ಹೋಗೇ ಹೋಗುತ್ತೆ” ಎಂದು ಮೊದಲೇ ಹೇಳಿದರು. ಸುಳ್ಳು ಸಮಾಧಾನ ಹೇಳಲು ಅವರಿಗೆ ಮನಸ್ಸಾಗಲಿಲ್ಲ.

ಆಕೆ ತಲೆಯಾಡಿಸಿ ಲಾಕಪ್ಪಿನ ಹತ್ತಿರ ಹೋದಳು. ಬಟ್ಟೆ ಸುತ್ತಿದ ಕೈಗಳು ಕಣ್ಣಿಗೆ ಬಿದ್ದವು.

“ಈ ವಯಸ್ಸಲ್ಲಿ ಅಷ್ಟು ಭಾರ ಒಬ್ಬನೇ ಎತ್ತೋದಾ ಅಣ್ಣ? ಬುದ್ಧಿ ಬೇಡ್ವಾ ನಿಂಗೆ?”

ಆ ಬೈಗುಳ ಕೇಳಿ ಹಿರಿಯರು ಮಗುವಿನಂತೆ ಅತ್ತುಬಿಟ್ಟರು. ಗೊಣಗಣ್ಣ ಏನೂ ಗೊಣಗದೆ ಒಳಗಿನಿಂದ ಆಕೆಗೊಂದು ಕುರ್ಚಿ ತಂದು ಹಾಕಿದ.